ಗೋವಾದ ಕಡೀ ರಾತ್ರಿ ದಿವಾಡಿ ನಡುಗಡ್ಡಿಯೊಳಗ, ಮರುದಿನ ಚೋರ್ಲಾ ಘಾಟ ಹಿಡಿದು ಮನಿಗೆ

ಗೋವಾ ಟ್ರಿಪ್ ಅಂದ್ರ ಮೊದಲನೇ ದಿನದ ಪ್ಲಾನ್ ಎಲ್ಲಾರ ಹತ್ರನೂ ಇರ್ತದ. ಯಾವ ಬೀಚು, ಯಾವ ಹೋಟೆಲ್, ಎಲ್ಲಿ ಮೀನಿನ ಊಟ ಅಂತ ತಿಂಗಳ ಮೊದಲೇ ಲಿಸ್ಟ್ ಆಗಿರ್ತದ, ಆದ್ರ ಕಡೀ ರಾತ್ರಿ ಎಲ್ಲಿ ಮಲಗೋದು, ಮರುದಿನ ಯಾವ ದಾರಿ ಹಿಡಿದು ಮನಿಗೆ ಹೋಗೋದು ಅನ್ನೋದನ್ನ ಯಾರೂ ಕೂತು ವಿಚಾರ ಮಾಡಂಗಿಲ್ಲ. ನಾವೂ ಮಾಡ್ತಿದ್ದಿಲ್ಲ. ನಾವು ಧಾರವಾಡದವರು, ಪುಣೆದಾಗ ಇರ್ತೀವಿ, ವರ್ಷಕ್ಕ ಒಂದ್ಸಲನಾದ್ರೂ ಅವ್ವ, ಇಬ್ರು ಹುಡುಗ್ರು, ನಾವಿಬ್ರು ಅಂತ ಐದು ಮಂದಿ ಗಾಡಿ ತಗೊಂಡು ಗೋವಾಕ್ಕ ಹೋಗ್ತೀವಿ. ಮೊದಲಿನ ಟ್ರಿಪ್ಪಿನೊಳಗೆಲ್ಲಾ ಕಡೀ ರಾತ್ರಿನೂ ಬೀಚ್ ಹೋಟೆಲ್ ಒಳಗೇ ಇರ್ತಿದ್ವಿ. ಮುಂಜಾನೆ ಎದ್ದು ಇನ್ನೊಮ್ಮೆ ನೀರಿಗೆ ಇಳೀತೀವಿ ಅಂತ ಹುಡುಗ್ರ ಹಟ, ಒದ್ದಿ ಬಟ್ಟಿ ಚೀಲಕ್ಕ ತುರುಕೋದು, ಚೆಕೌಟ್ ಮಾಡೋದ್ರೊಳಗ ಹನ್ನೆರಡು, ಟ್ರಾಫಿಕ್ ದಾಟಿ ಊಟ ಮಾಡೋದ್ರೊಳಗ ಮೂರು, ಘಾಟ ಹತ್ತೋದ್ರೊಳಗ ಕತ್ತಲಿ. ಒಂದು ಆಗಸ್ಟ್‌ನ್ಯಾಗಂತೂ ಚೋರ್ಲಾ ಮ್ಯಾಲೆ ಎಂಥಾ ಮಂಜು ಅಂದ್ರ ಮುಂದಿನ ಗಾಡಿ ಲೈಟ್ ಕಾಣಿಸ್ತಿದ್ದಿಲ್ಲ, ಹಿಂದ ಅವ್ವಗ ವಾಂತಿ, ಹುಡುಗ್ರ ಅಳು, ಪುಣೆ ಮುಟ್ಟಿದಾಗ ನಸುಕಿನ ಮೂರು. ನಾಕು ದಿನದ ಖುಷಿಯೆಲ್ಲಾ ಆ ಒಂದು ದಿನದಾಗ ಹೋಗಿಬಿಟ್ಟಿತ್ತು.

ಆಮ್ಯಾಲೆ ಪದ್ಧತಿನೇ ಬದಲ ಮಾಡಿದ್ವಿ. ಈಗ ಕಡೀ ರಾತ್ರಿ ಬೀಚ್ ಬಿಟ್ಟು ಮಾಂಡವಿ ಹೊಳಿ ನಡುವಿನ ದಿವಾಡಿ ನಡುಗಡ್ಡಿಗೆ ಹೋಗಿ ಮಲಗ್ತೀವಿ. ಮರುದಿನ ಮುಂಜಾನೆ ನಡುಗಡ್ಡಿಯ ಇನ್ನೊಂದು ಬದಿಯಿಂದ ಫೆರಿ ಹತ್ತಿ ನಾರ್ವೆ, ಡಿಚೋಲಿ, ಸಾಖಳಿ, ಕೇರಿ, ಚೋರ್ಲಾ ಘಾಟ, ಕಣಕುಂಬಿ, ಜಾಂಬೋಟಿ, ಬೆಳಗಾವಿ. ಅಲ್ಲಿಂದ ಹೈವೇ. ಇದರೊಳಗ ವಾಪಸ್ ಬರೋ ದಿನನೂ ಟ್ರಿಪ್ಪಿನ ದಿನನೇ ಆಗ್ತದ, ದಂಡದ ದಿನ ಆಗಂಗಿಲ್ಲ. ಹೆಂಗ ಪ್ಲಾನ್ ಮಾಡಬೇಕು ಅಂತ ಕೇಳಿದವರಿಗೆಲ್ಲಾ ಫೋನಿನ್ಯಾಗ ಹೇಳಿ ಹೇಳಿ ಸಾಕಾಗಿ ಇಲ್ಲೆ ಒಂದೇ ಕಡೆ ಬರದೀನಿ.

ಮೊದಲು ಜಾಗದ ಸುದ್ದಿ ಹೇಳ್ತೀನಿ, ಯಾಕಂದ್ರ ಗೋವಾಕ್ಕ ಹತ್ತು ಸಲ ಹೋದವರಿಗೂ ದಿವಾಡಿ ಗೊತ್ತಿರಂಗಿಲ್ಲ. ಪಣಜಿಯಿಂದ ಹಳೆ ಗೋವಾ ಸುಮಾರು 10 ಕಿಲೋಮೀಟರ್, ಅಲ್ಲಿ ದೊಡ್ಡ ಚರ್ಚುಗಳನ್ನ ನೋಡಿ ಎಲ್ಲಾರೂ ಹಿಂದ ತಿರುಗಿಬಿಡ್ತಾರ. ಆದ್ರ ಚರ್ಚಿನ ಮುಂದಿನ ರಸ್ತಾ ಹೊಳಿ ಕಡೆ ಇಳೀತದ, ವೈಸ್‌ರಾಯ್ ಕಮಾನು ದಾಟಿದ್ರ ಫೆರಿ ಧಕ್ಕೆ. ಆ ಕಮಾನು 1599ರದ್ದು, ವಾಸ್ಕೋ ಡ ಗಾಮಾನ ನೆನಪಿಗೆ ಅವನ ಮರಿಮೊಮ್ಮಗ ಗವರ್ನರ್ ಇದ್ದಾಗ ಕಟ್ಟಿಸಿದ್ದು. ಎದುರಿಗೆ ಹಸರು ಕಾಣಿಸ್ತದಲ್ಲ, ಅದೇ ದಿವಾಡಿ. ಇಂಗ್ಲಿಷಿನ ಬೋರ್ಡಿನ್ಯಾಗ ದಿವಾರ್ ಅಂತ ಬರೆದಿರ್ತಾರ, ಕೊಂಕಣಿ ಮಂದಿ ದಿವಾಡಿ ಅಂತಾರ. ಪಕ್ಕದಾಗ ಇನ್ನೊಂದು ನಡುಗಡ್ಡಿ ಚೋಡಣ, ಅದಕ್ಕ ಬೋರ್ಡಿನ್ಯಾಗ ಚೋರಾವ್. ಎರಡಕ್ಕೂ ಒಂದು ದೊಡ್ಡ ಫರಕ್ ಅದ, ಇದನ್ನ ಪ್ಲಾನ್ ಮಾಡೋವಾಗ ಮರೀಬ್ಯಾಡ್ರಿ: ಚೋಡಣಕ್ಕ ಮಯೆಂ ಕಡೆಯಿಂದ ರಸ್ತಾನೂ ಅದ, ದಿವಾಡಿಗೆ ಫೆರಿ ಒಂದೇ ದಾರಿ.

ಅಂದ್ರ ಮುಂಜಾನೆ ಐದಕ್ಕೋ ಆರಕ್ಕೋ ವಿಮಾನ ಇದ್ದವರು ದಿವಾಡಿ ಬಿಡ್ರಿ. ನಸುಕಿನ್ಯಾಗ ಫೆರಿ ನಂಬಿಕೊಂಡು ಕೂಡೋದು ಬ್ಯಾಡ. ಅಂಥವರು ಚೋಡಣದಾಗ ಇರ್ರಿ, ಇಲ್ಲಾ ಏರ್‌ಪೋರ್ಟ್ ಹತ್ರ ಇರ್ರಿ. ಗೋವಾದಾಗ ಈಗ ಎರಡು ಏರ್‌ಪೋರ್ಟ್ ಅವ, ದಕ್ಷಿಣಕ್ಕ ದಾಬೋಳಿ, ಉತ್ತರದ ತುದಿಗೆ ಪೆಡಣೆ ತಾಲೂಕಿನ ಮೋಪಾ. 2023ರ ಜನವರಿಯಿಂದ ಮೋಪಾದಿಂದ ವಿಮಾನ ಹಾರ್ತಾವ, ಟಿಕೆಟ್ ಮ್ಯಾಲೆ ಯಾವುದು ಬರದದ ಅಂತ ಮೊದಲು ನೋಡ್ರಿ, ಎರಡರ ನಡುವಿನ ಅಂತರ ಭಾಳ. ಮುಂಬೈಗೆ ರೈಲಿನ್ಯಾಗ ಹೋಗವರಿಗೆ ಮಾತ್ರ ದಿವಾಡಿ ಬರೋಬ್ಬರಿ ಜಾಗ, ಯಾಕಂದ್ರ ಕೊಂಕಣ ರೈಲ್ವೆಯ ಕರಮಳಿ ಸ್ಟೇಷನ್ ಹಳೆ ಗೋವಾದ ಮಗ್ಗಲಿಗೇ ಅದ. ನಮ್ಮ ಮಾವನವರು ಡೊಂಬಿವ್ಲಿಯಿಂದ ಬರೋದು ಹೋಗೋದು ಎಲ್ಲಾ ಕರಮಳಿಯಿಂದನೇ, ಮಡಗಾಂವ್ ತನಕ ಹೋಗಂಗಿಲ್ಲ. ನಿಮ್ಮ ರೈಲು ಕರಮಳಿಗೆ ನಿಲ್ತದೋ ಇಲ್ಲೋ ಅಂತ ಟಿಕೆಟ್ ತಗೋವಾಗ ನೋಡ್ಕೋರಿ, ಎಲ್ಲಾ ರೈಲು ನಿಲ್ಲಂಗಿಲ್ಲ.

ಈಗ ರೂಮು. ದಿವಾಡಿಯೊಳಗ ದೊಡ್ಡ ದೊಡ್ಡ ರಿಸಾರ್ಟಿನ ಗದ್ದಲ ಇಲ್ಲ, ಹಳೆ ಮನಿಗಳನ್ನ ರಿಪೇರಿ ಮಾಡಿ ಹೋಮ್‌ಸ್ಟೇ ಮಾಡಿದವರು, ಸಣ್ಣ ಹೋಟೆಲ್ ಇಟ್ಟವರು ಇದ್ದಾರ. ರೂಮು ಕಡಿಮಿ, ಹಿಂಗಾಗಿ ಹೋಗಿ ನೋಡಿದ್ರಾತು ಅಂತ ಹೋಗಬ್ಯಾಡ್ರಿ, ಬುಕ್ ಮಾಡೇ ಹೋಗ್ರಿ, ಅದೂ ಬರೇ ಆ್ಯಪ್ ಮ್ಯಾಲೆ ಬುಕ್ ಮಾಡಿ ಸುಮ್ಮನ ಕೂಡಬ್ಯಾಡ್ರಿ, ಒಂದು ಫೋನ್ ಹಚ್ಚಿ ಮಾತಾಡ್ರಿ. ಕೇಳಬೇಕಾದ್ದು ಏನಂದ್ರ ಗಾಡಿ ಕಂಪೌಂಡ್ ಒಳಗ ನಿಲ್ಲಸಲಿಕ್ಕೆ ಬರ್ತದೋ ಇಲ್ಲಾ ರಸ್ತಾದ ಮ್ಯಾಲೋ, ರಾತ್ರಿ ಊಟ ಅಲ್ಲೇ ಮಾಡಿ ಕೊಡ್ತಾರೋ, ಮುಂಜಾನೆ ಏಳಕ್ಕ ಚಾ ನಾಷ್ಟಾ ಸಿಗ್ತದೋ, ಕರೆಂಟ್ ಹೋದ್ರ ಫ್ಯಾನ್ ನಡೀತದೋ, ಕೆಳಗಿನ ಮಜಲಿಗೆ ರೂಮ್ ಅದನೋ. ಕಡೀದು ಅವ್ವನ ಮೊಣಕಾಲಿಗೆ. ಫ್ಯಾನಿನ ಪ್ರಶ್ನೆ ಸಣ್ಣದು ಅನ್ಕೋಬ್ಯಾಡ್ರಿ, ಸುತ್ತ ಹೊಳಿ, ಗದ್ದಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇರೋ ಊರು, ಸಂಜೀಕೆ ಸೊಳ್ಳಿ ಇದ್ದೇ ಇರ್ತಾವ, ಹಚ್ಕೊಳ್ಳೋ ಕ್ರೀಮ್ ಪಣಜಿಯಾಗೇ ತಗೊಂಡು ಹೋಗ್ರಿ. ಮನಿ ಮುಂದ ಬಲ್ಕಾಂವ್ ಇದ್ದದ್ದೇ ಆರಿಸ್ರಿ. ಬಲ್ಕಾಂವ್ ಅಂದ್ರ ಗೋವಾದ ಹಳೆ ಮನಿಗಳ ಬಾಗಿಲ ಎರಡೂ ಬದಿ ಕಲ್ಲಿನ ಕಟ್ಟಿ ಇರೋ ಮುಂಚಾವಡಿ, ನಮ್ಮ ಕಡೆ ಕಟ್ಟಿ ಮ್ಯಾಲೆ ಕೂತು ಹರಟಿ ಹೊಡೆದಂಗ ಅಲ್ಲಿ ಮಂದಿ ಸಂಜೀಕೆ ಅಲ್ಲೇ ಕೂಡ್ತಾರ. ಕಡೀ ರಾತ್ರಿಗೆ ಸ್ವಿಮ್ಮಿಂಗ್ ಪೂಲ್‌ಗಿಂತ ಇದು ದೊಡ್ಡದು ಅಂತ ನನಗ ಅನಸ್ತದ.

ಊಟದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅವ್ವ ಶಾಕಾಹಾರಿ, ಬೆಳ್ಳುಳ್ಳಿನೂ ಕಡಿಮಿ. ಅಂಥವರಿದ್ರ ಹಿಂದಿನ ದಿನನೇ ಫೋನ್ ಮಾಡಿ ಹೇಳ್ರಿ, ವೆಜ್ ಅದನೋ ಅಂತ ಕೇಳಿದ್ರ ಪನೀರ್ ಮಾಡ್ತಾರ, ಅದು ಬ್ಯಾಡ. ಖತಖತೆ ಮಾಡ್ರಿ, ತೋಣಾಕ್ ಮಾಡ್ರಿ ಅಂತ ಹೆಸರು ಹಿಡಿದು ಕೇಳ್ರಿ. ಖತಖತೆ ಅಂದ್ರ ಗಡ್ಡಿ ಗೆಣಸು, ಕಾಯಿಪಲ್ಯ, ತೊಗರಿಬ್ಯಾಳಿ ಎಲ್ಲಾ ಹಾಕಿ ತೆಂಗಿನಕಾಯಿ ರುಬ್ಬಿ ಮಾಡೋದು. ತೋಣಾಕ್ ಅಂದ್ರ ಅಲಸಂದಿಯಂಥಾ ಕಾಳಿನ ಮಸಾಲಿ ಪಲ್ಯ, ಪೊಯ್ ಅನ್ನೋ ಗೋವಾದ ಬ್ರೆಡ್ ಜೋಡಿ ತಿನ್ನೋದು. ಅವ್ವ ಮೊದಲನೇ ಸಲ ಖತಖತೆ ತಿಂದಾಗ ಇದು ನಮ್ಮ ಗೊಜ್ಜಿನ ಬೀಗತಿ ಇದ್ದಂಗ ಅದಲ್ಲೋ ಅಂದ್ಲು, ಆಮ್ಯಾಲೆ ಚೀಲದಾಗಿನ ಕಟಕ ರೊಟ್ಟಿ ಶೇಂಗಾ ಚಟ್ನಿ ಹೊರಗ ತಗೀಲೇ ಇಲ್ಲ. ಮೀನು ತಿನ್ನವರಿಗೆ ನಾನು ಹೇಳೋದೇನೂ ಇಲ್ಲ, ಹುಮಣ ಅಂದ್ರ ಮೀನಿನ ಸಾರು, ಉಕಡೆ (ಕುಚ್ಚಲ) ಅಕ್ಕಿ ಅನ್ನ, ಕೋಕಂ ಹಾಕಿದ ಸೋಲ್ ಕಢಿ, ಸಾಕು.

ಹಿಂದಿನ ದಿನದ ಟೈಮ್ ಹಿಂಗ ಹೊಂದಿಸ್ಕೋರಿ. ಬೀಚ್ ಹೋಟೆಲ್ ಹನ್ನೊಂದಕ್ಕ ಬಿಡಬೇಕು, ಹೆಂಗೂ ಚೆಕೌಟ್ ಟೈಮ್ ಅದೇ ಇರ್ತದ. ಕಲಂಗುಟ್ ಬಾಗಾ ಕಡೆಯಿಂದ ಬರವರು ಪಣಜಿಯಾಗ ಊಟ ಮಾಡ್ರಿ, ಹುಡುಗ್ರಿಗೆ ಬೇಕಂದ್ರ ಫೊಂತಾಯಿನ್ಹಾಸ್ ಓಣಿಯೊಳಗ ಬಣ್ಣದ ಮನಿ ನೋಡಿಸ್ರಿ, ಪೆಟ್ರೋಲ್ ತುಂಬಸ್ರಿ, ಕ್ಯಾಷ್ ತಗೋರಿ. ಅಲ್ಲಿಂದ ಹಳೆ ಗೋವಾಕ್ಕ ಹೊಸ ಬೈಪಾಸ್ ಹಿಡಿಬ್ಯಾಡ್ರಿ, ಮ್ಯಾಪು ಅದನ್ನೇ ತೋರಸ್ತದ, ಹೊಳಿ ದಂಡಿ ಹಿಡಿದು ರಾಯಬಂದರ್ ಮ್ಯಾಲೆ ಹೋಗ್ರಿ. ಪಣಜಿಯಿಂದ ರಾಯಬಂದರ್ ತನಕ ನೀರಿನ ನಡುವ ಮೂರು ಕಿಲೋಮೀಟರ್‌ಗಿಂತ ಉದ್ದದ ಕಲ್ಲಿನ ರಸ್ತಾ ಅದ, ಪೋರ್ಚುಗೀಸರು 1633-34ರಾಗ ಕಟ್ಟಿಸಿದ್ದು. ಇವತ್ತಿಗೂ ಅದರ ಮ್ಯಾಲೆ ಗಾಡಿ ಓಡಾಡ್ತಾವ. ಒಂದು ಬದಿ ಮಾಂಡವಿ, ಇನ್ನೊಂದು ಬದಿ ಉಪ್ಪಿನ ಗದ್ದಿ ಮತ್ತ ಕಾಂಡ್ಲಾ. ನಿಧಾನ ಹೋಗ್ರಿ, ನಮ್ಮ ಸೀನಿಕ್ ಡ್ರೈವ್ ಶುರು ಆಗೋದೇ ಇಲ್ಲಿಂದ.

ರಾಯಬಂದರಿನಾಗೂ ಫೆರಿ ಧಕ್ಕೆ ಅದ, ಅಲ್ಲಿಂದ ಚೋಡಣಕ್ಕೂ ದಿವಾಡಿಗೂ ಫೆರಿ ಹೋಗ್ತಾವ. ಟೈಮ್ ಇದ್ದವರು ಚೋಡಣಕ್ಕ ಇಳಿದು ಸಲೀಂ ಅಲಿ ಪಕ್ಷಿಧಾಮ ನೋಡಿ ಬರಬಹುದು, ಧಕ್ಕೆಯ ಮಗ್ಗಲಿಗೇ ಅದ, 178 ಹೆಕ್ಟೇರ್ ಪೂರಾ ಕಾಂಡ್ಲಾ ಕಾಡು. ಆದ್ರ ದೋಣಿಯಾಗ ಒಳಗ ಹೋಗಬೇಕಂದ್ರ ಉಬ್ಬರ ಇರಬೇಕು, ನೀರು ಇಳಿದಾಗ ಕಾಲುವೆಯೊಳಗ ಬರೇ ಕೆಸರು. ಹಳೆ ಗೋವಾದಾಗ ಬಾಮ್ ಜೀಸಸ್ ಬೆಸಿಲಿಕಾ ನೋಡೋದಿದ್ರ ಮೂರೂವರೆ ಒಳಗ ಮುಗಿಸ್ರಿ. ಡಿಸೆಂಬರ್ 3ಕ್ಕ ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ, ಅದರ ಹಿಂದಿನ ಒಂಬತ್ತು ದಿನ ನೊವೇನಾ ಅನ್ನೋ ಪ್ರಾರ್ಥನಾ, ಆ ಸುಮಾರಿನಾಗ ಹಳೆ ಗೋವಾ ತುಂಬಿ ತುಳುಕ್ತದ, ಗಾಡಿಯವರು ಆ ದಿನಗಳನ್ನ ಬಿಟ್ಟು ಪ್ಲಾನ್ ಮಾಡ್ರಿ.

ಫೆರಿ ಹತ್ತೋದು ಹೇಳ್ತೀನಿ, ಯಾಕಂದ್ರ ನಾವು ಇದರೊಳಗೇ ಪೆಟ್ಟು ತಿಂದದ್ದು. ಮಾಂಡವಿ ಅಲ್ಲಿ ಬರೇ ಹೊಳಿ ಅಲ್ಲ, ಸಮುದ್ರದ ನೀರು ಒಳಗ ತನಕ ಬರ್ತದ, ದಿನಕ್ಕ ಎರಡು ಸಲ ಏರ್ತದ, ಎರಡು ಸಲ ಇಳೀತದ. ಕೊಂಕಣಿಯೊಳಗ ಭರತಿ, ಸುಕತಿ ಅಂತಾರ. ಭರತಿ ಇದ್ದಾಗ ಫೆರಿ ಮತ್ತ ಧಕ್ಕೆ ಹೆಚ್ಚುಕಡಿಮಿ ಒಂದೇ ಸಮ ಇರ್ತಾವ, ಆರಾಮ ಹತ್ತಬಹುದು. ಸುಕತಿ ಇದ್ದಾಗ ಇಳಿಜಾರು ಭಾಳ, ಐದು ಮಂದಿ ಮತ್ತ ಡಿಕ್ಕಿ ತುಂಬ ಲಗೇಜ್ ಇರೋ ಸಣ್ಣ ಕಾರು ಇಳಿಸಿದ್ರ ಫೆರಿಯ ಕಬ್ಬಿಣದ ಪಟ್ಟಿಗೆ ಕೆಳಗ ಬಡೀತದ. ನಮ್ಮದು ಬಡೀತು, ಸೈಲೆನ್ಸರ್ ನೆಗ್ಗಿ ಪುಣೆ ತನಕ ಡಬಡಬ ಸಪ್ಪಳ ಮಾಡ್ಕೋತ ಬಂತು. ಹಿಂಗಾಗಿ ನೀರು ಇಳಿದಿದ್ರ ಡ್ರೈವರ್ ಬಿಟ್ಟು ಎಲ್ಲಾರೂ ಇಳಿದು ನಡೆದು ಹತ್ರಿ, ಗಾಡಿನ ನೇರ ಇಳಿಸದೇ ಸ್ವಲ್ಪ ಓರೆ ಮಾಡಿ ಇಳಸ್ರಿ, ಫೆರಿ ಹುಡುಗರು ಕೈ ಮಾಡಿ ಹೇಳ್ತಾರ, ಅವರ ಕೈನೇ ನೋಡ್ರಿ, ನಮ್ಮ ಬುದ್ಧಿ ಓಡಿಸೋದು ಬ್ಯಾಡ. ಉಬ್ಬರ ಇಳಿತದ ಟೈಮ್ ಫೋನಿನಾಗ ಪಣಜಿ ಅಂತ ಹಾಕಿ ನೋಡಬಹುದು, ದಿನಾ ಸುಮಾರು 50 ನಿಮಿಷ ಮುಂದ ಹೋಗ್ತದ. ಒಳಗ ಹೋದ ಮ್ಯಾಲೆ ಹ್ಯಾಂಡ್‌ಬ್ರೇಕ್ ಎಳೀರಿ, ಇಂಜಿನ್ ಬಂದ್ ಮಾಡಿ ಗೇರಿನಾಗ ಬಿಡ್ರಿ, ಕತ್ತಲಾಗಿದ್ರ ಹೆಡ್‌ಲೈಟ್ ಆರಿಸ್ರಿ. ಒಂದು ಫೆರಿಗೆ ಹಿಡಿಯೋದು ಕೆಲವೇ ಕಾರು, ಬೈಕಿನವರು ಸಂದಿ ಸಂದಿ ತುಂಬ್ತಾರ. ನಡೆದು ಹೋಗವರಿಗೆ ರೊಕ್ಕ ಇಲ್ಲ, ಕಾರಿಗೆ ಇರ್ತದ, ಚಿಲ್ಲರೆ ಕೈಯಾಗ ಇರ್ಲಿ. ಸಂಜಿ ಐದೂವರೆ ನಂತರ ಕೆಲಸ ಬಿಟ್ಟು ಊರಿಗೆ ಹೋಗೋ ಮಂದಿಯ ಸರದಿ, ಅವರಿಗೆ ಇದು ದಿನದ ದಾರಿ, ನಮಗ ಮೋಜು. ಅವರ ಮುಂದ ಗಾಡಿ ತೂರಿಸೋದು ಬ್ಯಾಡ. ನಾಕಕ್ಕ ಧಕ್ಕೆ ಮ್ಯಾಲೆ ಇದ್ರ ಈ ತ್ರಾಸೇ ಇಲ್ಲ. ಮತ್ತ ಅಲ್ಲೇ ರಾತ್ರಿ ಕಡೀ ಫೆರಿ, ಮರುದಿನ ನಾರ್ವೆ ಕಡೆಯ ಮುಂಜಾನೆ ಫೆರಿ ಎಷ್ಟಕ್ಕ ಅಂತ ಕೇಳಿ ಬರಕೋರಿ.

ದಾಟಲಿಕ್ಕೆ ಹತ್ತು ನಿಮಿಷನೂ ಬೇಡ. ಆಕಡೆ ಇಳಿದ ಕೂಡಲೇ ಗಾಡಿ ಕಿಟಕಿ ತಗೀರಿ, ಏಸಿ ಬಂದ್ ಮಾಡ್ರಿ. ಎರಡೂ ಬದಿ ಗದ್ದಿ, ನಡುವ ಸಣ್ಣ ರಸ್ತಾ. ಈ ಗದ್ದಿಗೆ ಖಾಜನ ಅಂತಾರ. ಉಪ್ಪು ನೀರಿನ ಜಾಗಕ್ಕ ಮಣ್ಣಿನ ಒಡ್ಡು ಹಾಕಿ, ನಡುವ ಮಾನಸ ಅನ್ನೋ ಕಟ್ಟಿಗಿ ಬಾಗಿಲು ಇಟ್ಟಿರ್ತಾರ. ಉಬ್ಬರ ಬಂದ್ರ ನೀರಿನ ಒತ್ತಡಕ್ಕ ಬಾಗಿಲು ತಾನೇ ಮುಚ್ಚಕೋತದ, ಇಳಿದಾಗ ಒಳಗಿನ ನೀರು ಹೊರಗ ಹೋಗ್ತದ. ಮಳಿಗಾಲದಾಗ ಉಪ್ಪು ತಡಕೊಳ್ಳೋ ಕೊರ್ಗುಟ್ ಭತ್ತ ಹಾಕ್ತಾರ. ನಮ್ಮ ಹುಡುಗನ ಶಾಲಿ ಪುಸ್ತಕದಾಗ ವಾಲ್ವ್ ಅಂತ ಇದ್ದದ್ದು ಇಲ್ಲಿ ಒಡ್ಡಿನ ಮ್ಯಾಲೆ ನಿಂತಾಗ ಅವನಿಗೆ ತಿಳೀತು. ಚಳಿಗಾಲದಾಗ ಗದ್ದಿ ತುಂಬ ಬೆಳ್ಳಕ್ಕಿ, ಮಿಂಚುಳ್ಳಿ. ಇನ್ನ ನಡುವ ಕೊಂಕಣ ರೈಲ್ವೆ ಹಳಿ ಈ ನಡುಗಡ್ಡಿ ಮ್ಯಾಲಿಂದನೇ ಹೋಗ್ತದ, ಗದ್ದಿ ನಡುವ ರೈಲು ಬಂದಾಗ ಸಣ್ಣವರು ದೊಡ್ಡವರು ಎಲ್ಲಾ ನಿಂತು ನೋಡ್ತೀವಿ.

ರೂಮಿಗೆ ಹೋಗಿ ಚೀಲ ಒಗೆದು, ಚಾ ಕುಡಿದು, ಸೂರ್ಯ ಮುಳುಗೋಕಿಂತ ಒಂದು ತಾಸು ಮೊದಲು ಪಿಯೆದಾದ್ ಗುಡ್ಡಕ್ಕ ಹೋಗ್ರಿ. ಡಿಸೆಂಬರ್‌ನ್ಯಾಗ ಆರರ ಸುಮಾರಿಗೆ ಮುಳುಗ್ತದ, ಅಂದ್ರ ಐದಕ್ಕೇ ಬಿಡ್ರಿ. ಗುಡ್ಡದ ಮ್ಯಾಲೆ ಬಿಳಿ ಬಣ್ಣದ ಪಿಯೆದಾದ್ ಮಾತೆಯ ಚರ್ಚು, ಅಲ್ಲಿಂದ ಕೆಳಗ ಹೊಳಿ, ಗದ್ದಿ, ಚೋಡಣ, ಆಚೆ ಹಳೆ ಗೋವಾದ ಚರ್ಚಿನ ಗೋಪುರ ಎಲ್ಲಾ ಕಾಣಿಸ್ತಾವ. ಪ್ರಾರ್ಥನಾ ನಡೆದಿದ್ರ ಒಳಗ ಫೋಟೋ ಬ್ಯಾಡ, ಜೋರು ಮಾತು ಬ್ಯಾಡ. ಆಗಸ್ಟ್ ನಾಕನೇ ಶನಿವಾರ ಹೋದವರಿಗೆ ಬೊಂದೇರಾಂ ಹಬ್ಬ ಸಿಗ್ತದ, ಬಣ್ಣಬಣ್ಣದ ಬಾವುಟ ಹಿಡಿದು ಮೆರವಣಿಗಿ ಮಾಡ್ತಾರ. ಹಿಂದಕ್ಕ ಪೋರ್ಚುಗೀಸರು ವಾಡಾಗಳ (ಊರಿನ ಓಣಿಗಳ) ಗಡಿಗೆ ಬಾವುಟ ನೆಡಿಸಿದ್ದಕ್ಕ ಊರಿನವರು ಕಲ್ಲು ಹೊಡೆದು ಕೆಡವಿದ್ದರ ನೆನಪು ಅದು. ಆದ್ರ ಅವತ್ತು ಶಾಂತಿ ಹುಡುಕಬ್ಯಾಡ್ರಿ, ಫೆರಿಗೆ ಉದ್ದುದ್ದ ಸರದಿ.

ರಾತ್ರಿ ಮತ್ತೇನೂ ಪ್ಲಾನ್ ಇಡಬ್ಯಾಡ್ರಿ, ಕಡೀ ರಾತ್ರಿ ಅಂತ ಕ್ಯಾಸಿನೋ, ಕ್ರೂಸ್ ಅಂತ ಓಡಬ್ಯಾಡ್ರಿ, ಮರುದಿನ ಗಾಡಿ ಹೊಡೆಯವರಿಗೆ ನಿದ್ದಿ ಬೇಕು. ಊಟ ಮುಗಿಸಿ ಬಲ್ಕಾಂವ್ ಮ್ಯಾಲೆ ಕೂತು, ಚೀಲ ಎರಡು ಭಾಗ ಮಾಡ್ರಿ. ಡಿಕ್ಕಿಗೆ ಹೋಗೋದು ಬ್ಯಾರೆ, ದಾರಿಯಾಗ ಬೇಕಾಗೋದು ಬ್ಯಾರೆ. ದಾರಿ ಚೀಲದಾಗ ನೀರು, ನಿಂಬಿಹಣ್ಣು, ವಾಂತಿ ಗುಳಗಿ, ಪ್ಲಾಸ್ಟಿಕ್ ಚೀಲ, ಒಂದೊಂದು ಸ್ವೆಟರ್, ಹುಡುಗ್ರಿಗೆ ಒಂದು ಜತಿ ಒಣ ಬಟ್ಟಿ. ಮ್ಯಾಪ್ ಆಫ್‌ಲೈನ್ ಇಳಿಸಿಟ್ಕೋರಿ, ಘಾಟದಾಗ ನೆಟ್ವರ್ಕ್ ಇರಂಗಿಲ್ಲ. ಮ್ಯಾಪಿನ್ಯಾಗ ಫೆರಿ ಬ್ಯಾಡ ಅನ್ನೋ ಸೆಟ್ಟಿಂಗ್ ಆನ್ ಇದ್ರ ತಗೀರಿ, ಇಲ್ಲಾಂದ್ರ ನಾರ್ವೆ ದಾರಿ ತೋರಸಂಗೇ ಇಲ್ಲ. ಮಕ್ಕಳ ಜೋಡಿ ಗಾಡಿಯೊಳಗ ಬಾಟಲಿ ಇಟ್ಕೊಂಡು ಗಡಿ ದಾಟೋ ವಿಚಾರ ಇದ್ರ ಬಿಟ್ಟುಬಿಡ್ರಿ, ಚೆಕ್‌ಪೋಸ್ಟಿನ್ಯಾಗ ತಗದು ನೋಡ್ತಾರ, ಅರ್ಧ ದಿನ ಅಲ್ಲೇ ಹೋಗ್ತದ. ಗೇರುಬೀಜ, ಬೆಬಿಂಕಾ ಅನ್ನೋ ಗೋವಾದ ಸಿಹಿ ತಗೋರಿ, ಅದಕ್ಕ ಯಾರೂ ಕೇಳಂಗಿಲ್ಲ.

ಮುಂಜಾನೆ ಪೊದೇರ್, ಅಂದ್ರ ಬ್ರೆಡ್ ಮಾರವ, ಬರ್ತಾನ, ಸೈಕಲ್ ಹಿಂದ ಬುಟ್ಟಿ ಕಟ್ಕೊಂಡು ಪೋಂ ಪೋಂ ಅಂತ ಹಾರ್ನ್ ಬಾರಿಸ್ಕೋತ. ಅವನ ಹತ್ರ ಬಿಸಿ ಪೊಯ್ ಒಂದು ಹತ್ತು ಜಾಸ್ತಿ ತಗೋರಿ, ದಾರಿಗೆ ಆಗ್ತಾವ. ಎಂಟರ ಒಳಗ ರೂಮ್ ಬಿಡಬೇಕು. ಬಂದ ದಾರಿಗೆ ವಾಪಸ್ ಹೋಗದೇ ನಡುಗಡ್ಡಿಯ ಇನ್ನೊಂದು ತುದಿಗೆ, ನಾರ್ವೆ ಫೆರಿಗೆ ಹೋಗ್ರಿ. ಈ ರಸ್ತಾನೇ ನನಗ ಎಲ್ಲಾಕ್ಕಿಂತ ಸೇರೋದು, ಮುಂಜಾನೆ ಮಂಜು ಗದ್ದಿ ಮ್ಯಾಲೆ ಇನ್ನೂ ಕೂತಿರ್ತದ, ಎದುರು ಗಾಡಿ ಬರೋದೇ ಅಪರೂಪ.

ಫೆರಿ ಇಳಿದು ಸ್ವಲ್ಪ ದೂರಕ್ಕೇ ಸಪ್ತಕೋಟೇಶ್ವರ ದೇವಸ್ಥಾನ. ಕನ್ನಡದವರು ಇಲ್ಲಿ ಗಾಡಿ ನಿಲ್ಲಸದೇ ಮುಂದ ಹೋಗಬಾರದು ಅಂತ ನನ್ನ ಕೈ ಮುಗಿದ ವಿನಂತಿ. ಇದು ಗೋವಾ ಕದಂಬರ ಮನೆದೇವರು. ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ ಅಂತ ಅವರ ಬಿರುದು, ಬಂಗಾರದ ನಾಣ್ಯದ ಮ್ಯಾಲೂ ಆ ಹೆಸರು ಹಾಕಸ್ತಿದ್ರು. ನಮ್ಮ ಖಾನಾಪುರ ತಾಲೂಕಿನ ಹಲಸಿಯಿಂದನೂ ಆಳಿದ ಮನೆತನ ಅದು, ಕಿತ್ತೂರ ಹತ್ರ ದೇಗಾಂವಿಯ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿ ಇದೇ ಮನೆತನದ ರಾಣಿ. ಮೂಲ ದೇವಸ್ಥಾನ ಇದ್ದದ್ದು ದಿವಾಡಿ ಒಳಗೇ. ಬಹಮನಿ ಕಾಲದಾಗ ಒಮ್ಮೆ ಕೆಡವಿದ್ರು, ವಿಜಯನಗರದ ಮಾಧವ ಮಂತ್ರಿ ತಿರುಗಿ ಕಟ್ಟಿಸಿದ, ಹದಿನಾರನೇ ಶತಮಾನದಾಗ ಪೋರ್ಚುಗೀಸರು ಮತ್ತ ಕೆಡವಿದ್ರು, ಲಿಂಗ ಹೊಳಿ ದಾಟಿ ಈ ಕಡೆ ಬಂತು. 1668ರಾಗ ಶಿವಾಜಿ ಮಹಾರಾಜರು ಈಗಿನ ಗುಡಿ ಜೀರ್ಣೋದ್ಧಾರ ಮಾಡಿಸಿದ್ರು, ಬಾಗಿಲ ಮ್ಯಾಲೆ ಅದರ ಶಾಸನ ಅದ. ಅಂದ್ರ ನೀವು ರಾತ್ರಿ ಮಲಗಿದ ಊರಿಂದ ಮುಂಜಾನೆ ಫೆರಿ ದಾಟೋ ಈ ಹಾದಿ, ಆ ದೇವರೂ ದಾಟಿ ಬಂದ ಹಾದಿ. ಗೋವಾದ ಸರ್ಕಾರಿ ಬಸ್ಸಿನ ಮ್ಯಾಲೆ ಕದಂಬ ಅಂತ ಯಾಕ ಬರೆದಾರ ಅಂತ ಹುಡುಗ್ರು ಕೇಳ್ತಿದ್ರಲ್ಲ, ಉತ್ತರ ಇಲ್ಲೇ ಸಿಗ್ತದ. ಅರ್ಧ ತಾಸು ಸಾಕು, ಗುಡಿ ಸುತ್ತ ಗುಡ್ಡ, ಅಡಕಿ ಗಿಡ, ತಂಪು.

ಡಿಚೋಲಿಯಿಂದ ಸಾಖಳಿ ತನಕ ಊರಿನ ರಸ್ತಾ, ವಿಶೇಷ ಏನಿಲ್ಲ. ಸಾಖಳಿ ಹತ್ರ ಹರವಳೆ ಜಲಪಾತ ಮತ್ತ ಕಲ್ಲು ಕಡಿದು ಮಾಡಿದ ಗುಹೆ ಅವ, ಮಳಿಗಾಲ ಮುಗಿದ ಹೊಸದಾಗಿ ಹೋದ್ರ ನೀರು ಛೊಲೊ ಇರ್ತದ, ಬ್ಯಾಸಿಗಿಯಾಗ ಬಿಡ್ರಿ. ಪೆಟ್ರೋಲ್ ಕಡಿಮಿ ಇದ್ರ ಇಲ್ಲೇ ತುಂಬಸ್ರಿ. ಕೇರಿ ದಾಟಿದ ಮ್ಯಾಲೆ ಘಾಟ ಶುರು, ಹಿಂದ ತಿರುಗಿ ನೋಡಿದ್ರ ಅಂಜುಣೆ ಡ್ಯಾಮಿನ ನೀರು ಕಾಣಿಸ್ತದ. ತಿರುವಿನ ಮ್ಯಾಲೆ ಗಾಡಿ ನಿಲ್ಲಸಬ್ಯಾಡ್ರಿ, ರಸ್ತಾ ಅಗಲ ಇರೋ ಕಡೆ ಪೂರಾ ಬದಿಗೆ ತಗೊಂಡು ನಿಲ್ಲಸ್ರಿ. ಏರೋ ಗಾಡಿಗೆ ದಾರಿ ಬಿಡ್ರಿ, ಇಳಿಯವರು ಗೇರಿನ ಮ್ಯಾಲೆ ಇಳೀರಿ. ಮಂಗ್ಯಾಗಳಿಗೆ ತಿನ್ನಲಿಕ್ಕೆ ಹಾಕಬ್ಯಾಡ್ರಿ, ಗಾಡಿ ಕೆಳಗ ಬರ್ತಾವ. ಜೂನ್‌ದಿಂದ ಸೆಪ್ಟೆಂಬರ್ ತನಕ ಇಲ್ಲಿ ಮಳಿ ಮತ್ತ ಮಂಜು ಎರಡೂ, ಹಸರು ನೋಡಲಿಕ್ಕೆ ಅದೇ ಸೀಸನ್ ಖರೇ, ಆದ್ರ ಹತ್ತರಿಂದ ಮೂರರ ನಡುವ ಘಾಟ ದಾಟಬೇಕು ಅಂತ ಕಡ್ಡಾಯ ಇಟ್ಕೋರಿ, ಮರ ಬಿದ್ದು ದಾರಿ ಬಂದ್ ಆಗೋದೂ ಅದ, ಹಿಂದಿನ ರಾತ್ರಿನೇ ಮನಿಯವರನ್ನ ಕೇಳ್ರಿ. ಮಳಿ ಜೋರಾಗಿ ಹೊಳಿ ಕೆಂಪಾಗಿ ಹರೀತಿದ್ರ ಫೆರಿನೂ ನಿಲ್ಲಬಹುದು. ನವೆಂಬರ್‌ದಿಂದ ಫೆಬ್ರವರಿ ತನಕ ಯಾವ ಚಿಂತಿನೂ ಇಲ್ಲ.

ಘಾಟ ಮುಗಿಸಿ ಮ್ಯಾಲೆ ಬಂದ್ರ ಗೋವಾ, ಮಹಾರಾಷ್ಟ್ರ, ಕರ್ನಾಟಕ ಮೂರೂ ಗಡಿ ಕೂಡೋ ಜಾಗ. ಒಮ್ಮಿಗೇ ಹವಾ ಬದಲಾಗ್ತದ, ಸ್ವೆಟರ್ ಬೇಕಾಗೋದು ಇಲ್ಲೇ. ಸ್ವಲ್ಪ ಮುಂದ ಕಣಕುಂಬಿ, ಕನ್ನಡ ಬೋರ್ಡ್ ಶುರು. ನಮ್ಮ ಮಲಪ್ರಭಾ ಹುಟ್ಟೋದು ಇಲ್ಲೇ. ಗಾಡಿ ನಿಲ್ಲಸಿ ಉಗಮದ ಗುಡಿಗೆ ಹೋಗಿ ಬರ್ರಿ, ಅವ್ವಗ ಇದೇ ಈ ದಾರಿಯ ದೊಡ್ಡ ಖುಷಿ, ನೀರು ತಲಿಗೆ ಹಚ್ಕೊಂಡು ಬರ್ತಾಳ. ಹುಡುಗ್ರಿಗೆ ನಾನು ಹೇಳೋದು ಇಷ್ಟು: ನಿನ್ನೆ ರಾತ್ರಿ ದಿವಾಡಿ ಸುತ್ತ ಇದ್ದ ಮಾಂಡವಿನೂ ಇದೇ ಖಾನಾಪುರ ತಾಲೂಕಿನ ಕಾಡಿನ್ಯಾಗ ಮಹಾದಾಯಿ ಅಂತ ಹುಟ್ಟಿ ಪಶ್ಚಿಮಕ್ಕ ಇಳಿದು ಅರಬ್ಬೀ ಸಮುದ್ರ ಸೇರ್ತದ, ಇಲ್ಲಿ ಹುಟ್ಟಿದ ಮಲಪ್ರಭಾ ಪೂರ್ವಕ್ಕ ತಿರುಗಿ ಕೂಡಲಸಂಗಮದಾಗ ಕೃಷ್ಣೆ ಕೂಡಿ ಬಂಗಾಳ ಕೊಲ್ಲಿಗೆ ಹೋಗ್ತದ. ಮುಂಜಾನೆಯಿಂದ ಒಂದು ಹೊಳಿ ದಂಡಿಯಿಂದ ಇನ್ನೊಂದರ ಹುಟ್ಟಿನ ತನಕ ಬಂದ್ವಿ ಅಂದಾಗ ದೊಡ್ಡವ ಕಿಟಕಿ ಹೊರಗ ನೋಡ್ಕೋತ ಭಾಳೊತ್ತು ಸುಮ್ಮನ ಕೂತಿದ್ದ.

ಕಣಕುಂಬಿಯಿಂದ ಜಾಂಬೋಟಿ ತನಕ ಕಾಡಿನ ರಸ್ತಾ, ಕೆಲವು ಕಡೆ ತೆಗ್ಗು ಬಿದ್ದಿರ್ತಾವ, ವೇಗ ಬ್ಯಾಡ. ಧಾರವಾಡ ಹುಬ್ಬಳ್ಳಿ ಕಡೆ ಹೋಗವರು ಜಾಂಬೋಟಿಯಿಂದ ಖಾನಾಪುರಕ್ಕ ಹೊರಳ್ರಿ, ಟೈಮ್ ಇದ್ರ ಹಲಸಿ ಮಾಡ್ಕೊಂಡು ಹೋಗ್ರಿ, ಭೂವರಾಹ ನರಸಿಂಹ ಗುಡಿ ನೋಡಿದ್ರ ಮುಂಜಾನೆ ನಾರ್ವೆಯಾಗ ನೋಡಿದ್ದು ಪೂರಾ ಆಗ್ತದ. ಪುಣೆ ಮುಂಬೈ ಮಂದಿ ನೇರ ಬೆಳಗಾವಿ. ಎಂಟಕ್ಕ ದಿವಾಡಿ ಬಿಟ್ಟವರು ನಿಂತು ನಿಂತು ಬಂದ್ರೂ ಒಂದರ ಸುಮಾರಿಗೆ ಬೆಳಗಾವಿಯೊಳಗ ಊಟಕ್ಕ ಇರ್ತೀರಿ, ಕುಂದಾ ಕಟ್ಟಿಸ್ಕೋರಿ. ಮುಂದ ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ, ಸುಮಾರು 340 ಕಿಲೋಮೀಟರ್, ಗಾಡಿ ಇಬ್ರು ಹೊಡೆಯವರಿದ್ರ ಕೊಲ್ಹಾಪುರದಾಗ ಬದಲ ಮಾಡ್ಕೋರಿ. ಭಾನುವಾರ ಸಂಜಿ ಸಾತಾರಾದಿಂದ ಪುಣೆ ತನಕ ಗಾಡಿ ಇರುವಿ ಸಾಲಿನಂಗ ಇರ್ತಾವ, ಖಂಬಾಟಕಿ ಘಾಟ ಒಂದೇ ಎಷ್ಟೋ ಹೊತ್ತು ತಿಂತದ, ಹಿಂಗಾಗಿ ನಿಮ್ಮ ವಾಪಸ್ ದಿನ ಶನಿವಾರ ಇಲ್ಲಾ ಸೋಮವಾರ ಬರೋ ಹಂಗ ಮೊದಲೇ ರಜಾ ಹಾಕ್ರಿ. ನಾವು ಶನಿವಾರನೇ ಬಂದುಬಿಡ್ತೀವಿ, ರಾತ್ರಿ ಎಂಟೂವರೆ ಒಂಬತ್ತಕ್ಕ ಮನಿ, ಅನ್ನ ಒಂದು ಇಟ್ಟು ಮೊಸರು ಕಲಿಸಿ ತಿಂದು ಮಲಗೋದು, ಭಾನುವಾರ ಪೂರಾ ಬಟ್ಟಿ ಒಗೀಲಿಕ್ಕೆ ಕೈಯಾಗ ಉಳೀತದ.